ಇಪ್ಪತ್ತೈದನೆಯ ಚಿತ್ರ

ನನ್ನ ಕೆಲಸ ನಡುಕ ಹಿಡಿಯುವುದು. ಹೀಗೆಂದರೆ ಜನ ನಾನೇನೋ ಅಂತ್ರ ಕಟ್ಟುವವಳು ಎಂಬಂತೆ ನೋಡುತ್ತಾರೆ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಸಂಡೂರು ತಾಲ್ಲೂಕಿನ ವಡ್ಡು ಕಡೆ ನಾನು ಕೆಲಸ ಮಾಡುವ ಉಕ್ಕಿನ ಕಾರ್ಖಾನೆಯಲ್ಲಿ ಮನೆಯಷ್ಟು ದೊಡ್ಡ ಫ್ಯಾನುಗಳಿವೆ, ಪಂಪುಗಳಿವೆ. ಬೇರಿಂಗ್ ಕೆಡುವ ಮುಂಚೆ ಅವು ಸಣ್ಣಗೆ ನಡುಗಲು ಶುರುಮಾಡುತ್ತವೆ. ಆ ನಡುಕವನ್ನು ಅಳೆದು, ಯಾವ ಯಂತ್ರ ಇನ್ನೆಷ್ಟು ದಿನ ತಡೆಯುತ್ತದೆ ಎಂದು ಬರೆದುಕೊಡುವವಳು ನಾನು. ಕಾರ್ಖಾನೆಯ ಬಸ್ಸಿನಲ್ಲಿ ಹೊಸಪೇಟೆಗೆ ವಾಪಸ್ ಬರುವಾಗಲೂ ಬಸ್ಸಿನ ಯಾವ ಚಕ್ರ ಸರಿಯಿಲ್ಲ ಎಂದು ಲೆಕ್ಕ ಹಾಕುತ್ತಾ ಕೂತಿರುತ್ತೇನೆ. ಇಂಥವಳು ತನ್ನ ಮನೆಯ ನಡುಕವನ್ನು ನಾಲ್ಕು ದಿನ ಮುಚ್ಚಿಟ್ಟ ಕಥೆ ಇದು.

ಕಾರ್ಖಾನೆಯ ಸುರಕ್ಷತಾ ಸಪ್ತಾಹದಲ್ಲಿ ಘೋಷಣೆ ಬರೆಯುವ ಸ್ಪರ್ಧೆ ಇಟ್ಟಿದ್ದರು. ‘ನಡುಕ ಕಂಡರೆ ಮುಚ್ಚಿಡಬೇಡಿ, ಕೂಡಲೇ ಹೇಳಿ’ ಎಂದು ಬರೆದ ನನಗೆ ಮೊದಲ ಬಹುಮಾನ ಬಂತು. ಬಹುಮಾನವೇನೆಂದರೆ ಒಂದು ಬ್ಲೂ-ರೇ ಪ್ಲೇಯರ್, ಡಿವಿಡಿ ಪ್ಲೇಯರಿನ ದೊಡ್ಡಣ್ಣ. ಊರೆಲ್ಲ ಫೋನಿನಲ್ಲೇ ಸಿನಿಮಾ ನೋಡುವ ಕಾಲದಲ್ಲಿ ಇದು ಯಾವ ಕಪಾಟಿನಲ್ಲಿ ಎಷ್ಟು ವರ್ಷ ಮಲಗಿತ್ತೋ. ನನಗೆ ಮಾತ್ರ ಅದು ಪದಕವಿದ್ದ ಹಾಗೆ. ಮನೆಗೆ ತಂದ ದಿನವೇ ಅಂತರಜಾಲದಲ್ಲಿ ಓದಿಕೊಂಡು ಅದರ ಸೆಟ್ಟಿಂಗುಗಳನ್ನೆಲ್ಲ ಸಿನಿಮಾ ಮಂದಿರದ ಮಟ್ಟಕ್ಕೆ ತಿದ್ದಿದೆ. ಯಾವುದನ್ನು ತಿದ್ದಿದೆ ಎಂದು ಎಲ್ಲೂ ಬರೆದಿಡಲಿಲ್ಲ. ಕಾರ್ಖಾನೆಯಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನನ್ನ ಕೈಲಿ ಸರಿಯಾಗಿ ಬೈಸಿಕೊಳ್ಳುತ್ತಿದ್ದರು. ಪೆಟ್ಟಿಗೆಯಲ್ಲಿ ಸಮುದ್ರದ ಮೀನುಗಳ ಒಂದು ಡಿಸ್ಕ್ ಉಚಿತವಾಗಿ ಬಂದಿತ್ತು. ಅದನ್ನು ಎರಡು ಸಲ ನೋಡಿದೆವು. ಆಮೇಲೆ ಪ್ಲೇಯರಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿದೆವು.

ಆ ಬಟ್ಟೆ ತೆಗೆಯುವ ಪ್ರಸಂಗ ಬಂದದ್ದು ಅವ್ವನಿಂದ. ಅವ್ವ ಇರುವುದು ಕಂಪ್ಲಿಯಲ್ಲಿ. ನಮ್ಮದು ಅಕ್ಕಿ ಗಿರಣಿಯ ಮನೆ. ಅಪ್ಪ, ಅಣ್ಣ ಗಿರಣಿ ನಡೆಸಿದರೂ ಅಕ್ಕಿಗೆ ತೀರ್ಪು ಕೊಡುತ್ತಿದ್ದವಳು ಅವ್ವ. ಅಂಗೈಯಲ್ಲಿ ಹಿಡಿ ಅಕ್ಕಿ ಹರಡಿಕೊಂಡು ನುಚ್ಚು ಎಷ್ಟು, ಕಪ್ಪು ಕಾಳು ಎಷ್ಟು ಎಂದು ಹೇಳಿದರೆ ವ್ಯಾಪಾರಿಗಳೂ ಎದುರಾಡುತ್ತಿರಲಿಲ್ಲ. ಆಮೇಲೆ ಎರಡೂ ಕಣ್ಣಿಗೆ ಪೊರೆ ಬಂತು. ಅಂಗೈ ಅಕ್ಕಿ ಮೂಗಿನ ಹತ್ತಿರ ಬರತೊಡಗಿತು, ಕೊನೆಗೆ ತೀರ್ಪು ನಿಂತೇ ಹೋಯಿತು. ನನ್ನ ಮದುವೆ ಆದದ್ದು ಆ ದಿನಗಳಲ್ಲೇ. ಕಣ್ಣು ಕಾಣದ ವಿಷಯ ಹೇಳಿದರೆ ಮದುವೆ ಮುಂದೆ ಹಾಕುತ್ತಾರೆ ಎಂದು ಅವಳು ಯಾರಿಗೂ ಬಾಯಿ ಬಿಡಲಿಲ್ಲ.

ಇದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ. ಆದರೂ ಒಂದು ಸಣ್ಣ ಮುಳ್ಳು ನನ್ನೊಳಗೆ ಉಳಿದುಬಿಟ್ಟಿತ್ತು. ಕಂಪ್ಲಿಯ ಕಲ್ಯಾಣ ಮಂಟಪದ ಬಾಗಿಲಲ್ಲಿ ನನ್ನನ್ನು ಕಳಿಸಿಕೊಡುವಾಗ ನಾನು ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವಳು ಮಾತ್ರ ಬೇರೆ ಕಡೆ ನೋಡುತ್ತಾ ನಿಂತಿದ್ದಳು. ಕಣ್ಣು ಮಂಜಾಗಿದ್ದರೂ ಮಗಳು ಯಾವ ಕಡೆ ಇದ್ದಾಳೆ ಎಂದಾದರೂ ಗೊತ್ತಾಗಬಾರದೇ ಎಂದು ನನ್ನ ಸಿಟ್ಟು. ಜಗಳವಾದಾಗಲೆಲ್ಲ ‘ಹೊಂಟಾಗ ನೀನು ನನ್ನ ಕಡಿ ತಿರುಗಿ ಸುದ್ದ ನೋಡಲಿಲ್ಲ’ ಎಂದು ಚುಚ್ಚುತ್ತಿದ್ದೆ. ಅವಳು ನಕ್ಕುಬಿಡುತ್ತಿದ್ದಳು.

ಈ ವರ್ಷ ಹಟ ಹಿಡಿದು ಅವಳನ್ನು ಹೊಸಪೇಟೆಗೆ ಕರೆತಂದು ಬಲಗಣ್ಣಿನ ಆಪರೇಷನ್ ಮಾಡಿಸಿದೆ. ಎಡಗಣ್ಣಿಗೆ ಮುಂದಿನ ತಿಂಗಳ ಒಂದು ಸೋಮವಾರ ನಿಗದಿಯಾಯಿತು, ಅಲ್ಲಿಯವರೆಗೆ ನಮ್ಮಲ್ಲೇ ಇರುವುದೆಂದು ಒಪ್ಪಿಸಿದೆ. ಪಟ್ಟಿ ಬಿಚ್ಚಿದ ಮರುದಿನವೇ ಅವಳು ನನ್ನ ಅಡುಗೆಮನೆಯ ಅಕ್ಕಿ ಡಬ್ಬಿ ತೆಗೆದು ಮೊರಕ್ಕೆ ಸುರಿದುಕೊಂಡು ಕೂತಳು.

“ಇದನ್ನ ಅಕ್ಕಿ ಅಂತ ಕೊಟ್ಟಾರೇನು ನಿನಗ?” ಎಂದಳು. “ಇದ್ರಾಗ ನುಚ್ಚ ಜಾಸ್ತಿ ಐತಿ.”

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಡಾಕ್ಟರು ಟಿವಿ ನೋಡಬಹುದು ಎಂದ ದಿನ ಅವ್ವ ಕೇಳಿದ್ದು ಒಂದೇ: “ಮದುವ್ಯಾಗ ನಿನ್ನ ಮುಖ ನೆಟ್ಟಗ ನೋಡಿಲ್ಲವ್ವಾ ನಾನು. ಎಲ್ಲಾ ಮಂಜು ಮಂಜು. ಆ ವಿಡಿಯೋ ಹಚ್ಚು, ಈ ಹೊಸ ಕಣ್ಣಿಲೆ ನೋಡ್ತೀನಿ.”

ಮದುವೆಯ ವಿಡಿಯೋ ಉಳಿದಿದ್ದು ಒಂದು ಬ್ಲೂ-ರೇ ಡಿಸ್ಕಿನಲ್ಲಿ ಮಾತ್ರ. ಪೆನ್ ಡ್ರೈವಿನಲ್ಲಿದ್ದದ್ದನ್ನು, ನಾವು ಒಮ್ಮೆಯೂ ಕೊನೆಯವರೆಗೆ ನೋಡುವ ಮುಂಚೆಯೇ, ಅಳಿಸಿ ನನ್ನ ಗಂಡ ಹಂಪಿಯ ಕಲ್ಲುಕಂಬಗಳ ಚಿತ್ರ ತುಂಬಿಕೊಂಡಿದ್ದರು. ಅವರು ಹಂಪಿಯಲ್ಲಿ ಗೈಡ್. ಹಗಲೆಲ್ಲ ಪ್ರವಾಸಿಗರ ಮುಂದೆ ಮಾತಾಡಿ ಮಾತಾಡಿ, ಮನೆಗೆ ಬಂದ ಮೇಲೆ ಹತ್ತು ಮಾತಿಗೆ ಒಂದು ಹೂಂ ಅನ್ನುವ ಜಾತಿ. ಅಂತೂ ಆ ಪ್ಲೇಯರಿಗೆ ಒಂದು ಸಾರ್ಥಕವಾದ ಕೆಲಸ ಸಿಕ್ಕಿತು ಎಂದು ನಾನು ಉಬ್ಬಿಹೋದೆ. ಶನಿವಾರ ಸಂಜೆ ಅವ್ವ ಪ್ಲೇಯರಿನ ಹಣೆಗೆ ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಇಟ್ಟು, ಟಿವಿ ಮುಂದೆ ಕಾಲು ಮಡಚಿ ಕೂತಳು. ನಾನು ಡಿಸ್ಕ್ ಹಾಕಿದೆ.

ಚಿತ್ರವೇನೋ ಕನ್ನಡಿಯ ಹಾಗೆ ಸ್ವಚ್ಛ. ಆದರೆ ಎಲ್ಲರೂ ಎಡವುತ್ತಿದ್ದರು. ಮಂಟಪಕ್ಕೆ ಬರುವ ನೆಂಟರು ನಾಲ್ಕು ಹೆಜ್ಜೆ ನೆಟ್ಟಗಿಟ್ಟು ಗಕ್ಕನೆ ಮುಂದಕ್ಕೆ ಜಿಗಿಯುತ್ತಿದ್ದರು. ಕ್ಯಾಮೆರಾ ಪಕ್ಕಕ್ಕೆ ತಿರುಗಿದರೆ ಇಡೀ ಕಲ್ಯಾಣ ಮಂಟಪ ತಳ್ಳುಗಾಡಿಯ ಮೇಲೆ ಕೂತು ಹೊರಟಂತೆ ಕುಲುಕುತ್ತಿತ್ತು. ನನ್ನ ಕಣ್ಣಿಗೆ ಮೊದಲ ನಿಮಿಷದಲ್ಲೇ ಬಿತ್ತು. ಬೀಳದೇ ಇರುತ್ತದೆಯೇ, ನನ್ನ ಅನ್ನವೇ ಅದು. ಆದರೆ ಬಹುಮಾನದ ಪ್ಲೇಯರು, ನಾನೇ ತಿದ್ದಿದ ಸೆಟ್ಟಿಂಗು, ಅವ್ವನ ಮೊದಲ ನೋಟ. ಕೆಟ್ಟಿದೆ ಎಂದು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಗಂಡ ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಸುಮ್ಮನಿರಿ ಎಂದೆ.

“ಹೆಂಗೈತವ್ವಾ? ಚೊಲೋ ಕಾಣ್ತೈತಲ್ಲ?” ಎಂದು ಕೇಳಿದೆ.

“ನಿನಗ ಹೆಂಗ ಕಾಣ್ತೈತಿ?”

“ನನಗಂತೂ ಮಸ್ತ್ ಕಾಣಾಕತ್ತೈತಿ.”

ಅವ್ವ ಕಣ್ಣು ಕಿರಿದು ಮಾಡಿ ಟಿವಿಯನ್ನೇ ನೋಡಿದಳು. ಆಮೇಲೆ, “ಹೂಂ, ಮಸ್ತ್ ಐತಿ,” ಎಂದಳು. ತಾಳಿ ಕಟ್ಟುವ ಮುಂಚೆಯೇ ಕಣ್ಣು ದಣಿದವು ಎಂದು ಎದ್ದುಹೋದಳು.

ಮರುದಿನ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, “ಎರಡನೇ ಕಣ್ಣಿಂದು ಬ್ಯಾಡವ್ವಾ. ಒಂದ ಸಾಕು. ನಾನು ಕಂಪ್ಲಿಗೆ ಹೋಗ್ತೀನಿ,” ಎಂದಳು.

ನಾನು ಹೌಹಾರಿದೆ. ಭಯವೇನವ್ವಾ ಎಂದೆ, ಅಲ್ಲ ಎಂದಳು. ನೋವಾಗಿತ್ತೇನು ಎಂದೆ, ಅದೂ ಅಲ್ಲ. ಅಪ್ಪನಿಂದ ಫೋನ್ ಮಾಡಿಸಿದೆ, ಅಣ್ಣನಿಂದ ಮಾಡಿಸಿದೆ. ಎಲ್ಲರಿಗೂ ಒಂದೇ ಉತ್ತರ, ಒಂದ ಸಾಕು. ಇರಲಿ, ವಿಡಿಯೋ ಸರಿಯಾಗಿ ತೋರಿಸಿದರೆ ಮನಸ್ಸು ಅರಳಿ ಒಪ್ಪಬಹುದು ಎಂದು, ಅವಳು ಸ್ನಾನಕ್ಕೆ, ಪೂಜೆಗೆ ಹೋದ ಹೊತ್ತು ನೋಡಿ ಕಳ್ಳಿಯ ಹಾಗೆ ರಿಪೇರಿಗೆ ಕೂತೆ.

ಮೊದಲ ಅನುಮಾನ ವಿಭೂತಿಯ ಮೇಲೆ. ಡಿಸ್ಕ್ ಹಾಕುವ ಬಾಯಿಯ ಸುತ್ತ ಬಿದ್ದಿದ್ದ ಪುಡಿಯನ್ನು ಹತ್ತಿಯಿಂದ ತೆಗೆದೆ. ಡಿಸ್ಕನ್ನು ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿದೆ. ಎಡವುವುದು ನಿಲ್ಲಲಿಲ್ಲ. ಗಂಡ ಬಾಯಿ ತೆರೆದು, “ಸಂಡೂರು ಧೂಳು,” ಎಂದರು. ನಮ್ಮ ಕಡೆ ಬಟ್ಟೆ ಕೆಂಪಾದರೂ, ಕೆಮ್ಮು ಬಂದರೂ, ಮಿಕ್ಸರ್ ಕೆಟ್ಟರೂ ಆ ಅದಿರಿನ ಧೂಳೇ ಕಾರಣ, ಅದೊಂದು ಅನುಕೂಲ. ಮುಚ್ಚಳ ಬಿಚ್ಚಿ ಗಾಳಿ ಊದಿದೆ. ನಿಜವಾಗಿಯೂ ಕೆಂಪು ಧೂಳು ಬಂತು, ನನ್ನ ಮೂಗಿಗೂ ಹೋಯಿತು, ನೆಂಟರು ಮಾತ್ರ ಎಡವುತ್ತಲೇ ಇದ್ದರು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಹೊಸ ಕೇಬಲ್ ತಂದೆ. ಅಂಗಡಿಯವರು, “ಇನ್ನೂ ಡಿಸ್ಕ್ ನೋಡ್ತೀರೇನ್ರಿ ಮೇಡಂ?” ಎಂದು ಕೇಳಿದ ರೀತಿ ನನಗೆ ಹಿಡಿಸಲಿಲ್ಲ. ಕೇಬಲ್ಲಿನಿಂದಲೂ ಏನೂ ಆಗಲಿಲ್ಲ.

ಬುಧವಾರ ನನಗೆ ವಾರದ ರಜೆ. ಮಧ್ಯಾಹ್ನ ಅವ್ವ ತಾನೇ, “ಆ ಮದುವಿ ಇನ್ನೊಮ್ಮೆ ಹಚ್ಚು,” ಎಂದಳು. ಹಚ್ಚಿ ಚಹಾ ಮಾಡಲು ಒಳಗೆ ಹೋದೆ. ಲೋಟ ಹಿಡಿದು ವಾಪಸ್ ಬಂದರೆ ಅವ್ವ ಸೆರಗಿನ ತುದಿಯಿಂದ ಬಲಗಣ್ಣು ಮುಚ್ಚಿಕೊಂಡು ಟಿವಿ ನೋಡುತ್ತಿದ್ದಾಳೆ. ಆಮೇಲೆ ಎಡಗಣ್ಣು ಮುಚ್ಚಿದಳು. ಮತ್ತೆ ಬಲಗಣ್ಣು. ಒಂದು ಚೀಲದ ಅಕ್ಕಿಯನ್ನೂ ಇನ್ನೊಂದು ಚೀಲದ ಅಕ್ಕಿಯನ್ನೂ ಹೋಲಿಸುವಾಗ ಅವಳ ಮುಖ ಹೀಗೇ ಬಿಗಿಯಾಗುತ್ತಿತ್ತು.

“ಏನು ಮಾಡಾಕತ್ತೀಯವ್ವಾ?”

ಅವ್ವ ಬೆಚ್ಚಿ ಸೆರಗು ಇಳಿಸಿದಳು. ಆಮೇಲೆ ನಿಧಾನಕ್ಕೆ ಹೇಳಿದಳು. “ಹೊಸ ಕಣ್ಣಿಗೂ ಮಂದಿ ಕುಣೀತಾರ, ಹಳೇ ಕಣ್ಣಿಗೂ ಕುಣೀತಾರ. ಮೊದ್ಲು ಬರೇ ಮಂಜಿತ್ತು, ಈಗ ಈ ಕುಣಿತ ಬಂದೈತಿ. ಆಪರೇಷನ್ನಾಗ ಯಾವುದೋ ನರ ಸಡಿಲಾಗೇತಿ ನೋಡು. ಡಾಕ್ಟರಿಗೆ ಹೇಳಬ್ಯಾಡ, ಭಾಳ ಒಳ್ಳೇ ಮನುಷ್ಯ, ಬೇಜಾರು ಮಾಡ್ಕೊಂತಾರ. ಇನ್ನೊಂದು ಕಣ್ಣಿಗೆ ಮಾತ್ರ ಕೈ ಹಚ್ಚಸಬ್ಯಾಡ.”

ನಾನು ಚಹಾ ಲೋಟ ಕೆಳಗಿಟ್ಟೆ. “ಅವ್ವಾ, ನನಗೂ ಕುಣೀತಾರ. ಪ್ಲೇಯರ್ ಕೆಟ್ಟೈತಿ. ನಿನ್ನ ಕಣ್ಣಿಗೇನೂ ಆಗಿಲ್ಲ,” ಎಂದೆ.

ಅವ್ವ ನನ್ನನ್ನು ಕನಿಕರದಿಂದ ನೋಡಿದಳು. “ಅವತ್ತು ಮಸ್ತ್ ಕಾಣ್ತೈತಿ ಅಂದಿ. ಇವತ್ತು ಕುಣೀತಾರ ಅಂತಿ. ನನ್ನ ಸಮಾಧಾನಕ್ಕ ಹೇಳ್ತಿ ಬಿಡು.”

ಗಂಡನನ್ನು ಕರೆದು ಸಾಕ್ಷಿ ಹೇಳಿಸಿದೆ. “ಹೌದ್ರಿ ಅತ್ತಿ, ಕುಣೀತಾರ್ರಿ,” ಎಂದರು. “ನೀವು ಅಕಿ ಹೇಳಿದಂಗ ಹೇಳ್ತೀರಿ ಬಿಡ್ರಿ ಅಳಿಯಂದ್ರ,” ಎಂದಳು ಅವ್ವ. ಅದೂ ಸುಳ್ಳೇನಲ್ಲ. ವಾರ್ತೆ ಹಚ್ಚಿ ತೋರಿಸಿದೆ, ಓದುವವನು ಅಲುಗದೆ ಕೂತಿದ್ದ. “ಇಂವ ಕುಂತಾನಲ್ಲವ್ವಾ, ಎಲ್ಲಿ ಕುಣೀತಾನ?” ಎಂದಳು ಅವ್ವ. ಮೊರದ ಅಕ್ಕಿ ತೋರಿಸಿದೆ. “ಅಕ್ಕಿ ಕುಂತಲ್ಲೇ ಕುಂತಿರ್ತೈತಿ.” ಮೀನಿನ ಡಿಸ್ಕ್ ಹಾಕಿದೆ. ಮೀನುಗಳು ಬೆಣ್ಣೆಯಲ್ಲಿ ಚಾಕು ಎಳೆದಷ್ಟು ನುಣ್ಣಗೆ ತೇಲಿದವು. “ಮೀನು ನೀರಾಗ ತೇಲ್ತಾವ. ಮನುಷ್ಯರ ಹಂಗ ನಡೀತಾವೇನು?” ಎಂದು ಅವ್ವ ಆ ವಾದವನ್ನೂ ಮುಗಿಸಿದಳು. ಶುಕ್ರವಾರ ಕಂಪ್ಲಿ ಬಸ್ಸು ಹತ್ತುತ್ತೇನೆ, ಸೋಮವಾರದ ಆಪರೇಷನ್ ಇಲ್ಲ ಎಂದು ತೀರ್ಮಾನವಾಯಿತು.

ನನಗೆ ನಾಚಿಕೆಯಾಯಿತು, ಅಳುವೂ ಬಂತು. ಒಂದು ಪೆಟ್ಟಿಗೆಯ ಮರ್ಯಾದೆ ಉಳಿಸಲು ಹೋಗಿ ಅವ್ವನ ಕಣ್ಣು ಕಳೆಯುವವಳಿದ್ದೆ. ಗಂಡ ತಣ್ಣಗೆ, “ನಡುಕ ಕಂಡರೆ ಮುಚ್ಚಿಡಬೇಡಿ,” ಎಂದು ನನ್ನ ಘೋಷಣೆಯನ್ನೇ ನನಗೆ ಓದಿದರು. ಬಾಯಿ ಮುಚ್ಚಿದ್ದವರು ಮಾತಾಡಿದರೆ ಹೀಗೇ.

ಇನ್ನು ಹೇಳಿ ಪ್ರಯೋಜನವಿಲ್ಲ, ಮಾಡಿ ತೋರಿಸಬೇಕು ಎಂದು ಈ ಸಲ ಮನೆಯವಳ ಹಾಗಲ್ಲ, ಕಾರ್ಖಾನೆಯವಳ ಹಾಗೆ ಕೂತೆ. ನನಗೆ ಕೆಲಸ ಕಲಿಸಿದ ಹಿರಿಯ ಫಿಟ್ಟರ್ ಒಬ್ಬರಿದ್ದರು. ಅಳೆಯುವ ಉಪಕರಣ ಎಷ್ಟೇ ಇರಲಿ, ಅವರು ಮೊದಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಊರಿ ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದರು. ಒಳಗಿನ ಸದ್ದೆಲ್ಲ ಅದರಲ್ಲಿ ಏರಿ ಬರುತ್ತದೆ. ನಾನೂ ಪ್ಲೇಯರಿನ ನೆತ್ತಿಗೆ ಸ್ಕ್ರೂಡ್ರೈವರ್ ಊರಿ ಕಿವಿ ಕೊಟ್ಟೆ. ಅವ್ವ ಬಾಗಿಲಲ್ಲಿ ನಿಂತು, “ಏನಂತೈತಿ?” ಎಂದು ಕೇಳಿದಳು.

ಮೋಟಾರು ಒಂದೇ ಸಮನೆ ಹಾಡುತ್ತಿತ್ತು, ಎಲ್ಲೂ ತಡವರಿಕೆ ಇಲ್ಲ. ಅಂದರೆ ತಿರುಗುವುದು ಸರಿಯಿದೆ. ಆಮೇಲೆ ಗೋಡೆಯ ಗಡಿಯಾರವನ್ನು ಇಳಿಸಿ ಟಿವಿ ಪಕ್ಕದಲ್ಲಿಟ್ಟೆ. ಕ್ಯಾಮೆರಾ ನೆಂಟರ ಸಾಲಿನ ಮೇಲೆ ನಿಧಾನಕ್ಕೆ ಹರಿಯುವ ಕಡೆ ನೋಡಿದೆ. ಗಕ್. ಗಕ್. ಗಕ್. ಸೆಕೆಂಡಿನ ಮುಳ್ಳಿನ ಜೊತೆಜೊತೆಗೇ, ಸೆಕೆಂಡಿಗೆ ಒಂದು ಎಡವು. ನಾನು ಅಲ್ಲೇ ಕೂತು ನಕ್ಕುಬಿಟ್ಟೆ. ಧೂಳಿನ ನಡುಕಕ್ಕೆ ಲಯ ಇರುವುದಿಲ್ಲ, ಮನಸ್ಸಿಗೆ ಬಂದಾಗ ಬರುತ್ತದೆ. ಇಷ್ಟು ನಿಯತ್ತಾಗಿ ಬರುವ ನಡುಕವೆಂದರೆ ಎರಡು ಲೆಕ್ಕಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದರ್ಥ. ಮೀನಿಗೆ ತಾಳೆಯಾಗುವುದು ಮದುವೆಗೆ ಯಾಕಾಗುವುದಿಲ್ಲ? ಅದನ್ನು ಹೇಳಬೇಕಾದವರು ಮದುವೆಯನ್ನು ಹಿಡಿದವರು.

ವಿಡಿಯೋದವರು ಕಂಪ್ಲಿಯವರೇ. ಫೋನ್ ಮಾಡಿದರೆ ಗುರುವಾರ ಬೆಳಿಗ್ಗೆ ಹಂಪಿ ಬಜಾರಿನಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಯುತ್ತಿರುತ್ತೇನೆ, ಬರ್ರಿ ಎಂದರು. ಅರ್ಧ ದಿನ ರಜೆ ಹಾಕಿ ಗಂಡನ ಬೈಕಿನ ಹಿಂದೆ ಕೂತು ಹೋದೆ. ಸಾಲುಮಂಟಪದ ಮುಂದೆ ಒಂದು ಜೋಡಿಯನ್ನು ಕೈ ಹಿಡಿಸಿ ಅವರು ನಡೆಸುತ್ತಿದ್ದರು. ಆ ಹುಡುಗ ಆರನೇ ಸಲವೋ ಏಳನೇ ಸಲವೋ ಅದೇ ನಗು ನಗುತ್ತಾ ಬರುತ್ತಿದ್ದ.

ನನ್ನ ಪ್ರಶ್ನೆ ಕೇಳಿ ಅವರು ಕ್ಯಾಮೆರಾದಿಂದ ಕಣ್ಣು ಸಹ ತೆಗೆಯಲಿಲ್ಲ. “ನಾವು ಮದುವಿ ಎಲ್ಲಾ ಸೆಕೆಂಡಿಗೆ ಇಪ್ಪತ್ತೈದು ಚಿತ್ರದಾಗ ತಗೀತೀವ್ರಿ ಮೇಡಂ. ಸಿನಿಮಾ ಇಪ್ಪತ್ನಾಲ್ಕು. ನಿಮ್ಮ ಪ್ಲೇಯರ್‌ನ ಯಾರರ ಇಪ್ಪತ್ನಾಲ್ಕಕ್ಕ ಕಟ್ಟಿಹಾಕ್ಯಾರೇನು ನೋಡ್ರಿ.”

ಯಾರೋ ಅಲ್ಲ, ನಾನೇ. ಮೊದಲ ದಿನದ ಸಿನಿಮಾ ಮಂದಿರದ ಮಟ್ಟ. ಮೀನಿನ ಡಿಸ್ಕು ಸಿನಿಮಾದ ಲೆಕ್ಕದ್ದು, ಹಾಗಾಗಿ ಹಾಯಾಗಿ ತೇಲಿತು. ಮದುವೆಯ ಇಪ್ಪತ್ತೈದು ಚಿತ್ರಗಳಲ್ಲಿ ಪ್ಲೇಯರು ಇಪ್ಪತ್ನಾಲ್ಕನ್ನು ಮಾತ್ರ ಒಳಗೆ ಬಿಟ್ಟು, ಪ್ರತಿ ಸೆಕೆಂಡಿಗೂ ಒಂದನ್ನು ಹೊರಗೇ ನಿಲ್ಲಿಸುತ್ತಿತ್ತು. ನೆಂಟರು ಎಡವುತ್ತಿದ್ದದ್ದು ಆ ಖಾಲಿ ಜಾಗದಲ್ಲಿ. ದಾರಿಯುದ್ದಕ್ಕೂ ಗಂಡನ ಬೆನ್ನು ನಗುತ್ತಿತ್ತು.

ಮನೆಗೆ ಬಂದಾಗ ಅವ್ವ ಚೀಲಕ್ಕೆ ಸೀರೆ ಜೋಡಿಸುತ್ತಿದ್ದಳು. ನಾನು ಸೆಟ್ಟಿಂಗನ್ನು ತಿದ್ದಲಿಲ್ಲ. ಅದು ಇರುವ ಪುಟವನ್ನು ಹುಡುಕಿಟ್ಟು ರಿಮೋಟನ್ನು ಅವಳ ಕೈಗೇ ಕೊಟ್ಟೆ. “ಅವ್ವಾ, ನನ್ನ ಮಾತು ನಂಬಬ್ಯಾಡ. ಮೊದ್ಲು ಹಿಂಗ ನೋಡು. ಆಮ್ಯಾಲೆ ಈ ಗುಂಡಿ ಒತ್ತಿ ನೋಡು.”

ಅವಳು ನೋಡಿದಳು. ನೆಂಟರು ಎಡವಿದರು. ಗುಂಡಿ ಒತ್ತಿದಳು. ಟಿವಿ ಒಂದು ಕ್ಷಣ ಕಪ್ಪಾಗಿ ಬೆಳಗಿತು. ಅದೇ ನೆಂಟರು ಮಂಟಪದೊಳಗೆ ನಿರಾಳವಾಗಿ, ಮನುಷ್ಯರ ಹಾಗೆ ನಡೆದು ಬಂದರು. ಅವ್ವ ಮತ್ತೆ ಒತ್ತಿದಳು, ಎಡವಿದರು. ಮತ್ತೆ ಒತ್ತಿದಳು, ನಡೆದರು. ಸೆರಗಿನಿಂದ ಒಂದೊಂದೇ ಕಣ್ಣು ಮುಚ್ಚಿ ಮತ್ತೊಮ್ಮೆ ಪರೀಕ್ಷೆ ಮಾಡಿದಳು. ಅಕ್ಕಿಯವಳು, ಒಂದು ಹಿಡಿಗೆ ತೀರ್ಪು ಕೊಡುವವಳಲ್ಲ.

“ಹಂಗಾರ ನನ್ನ ನರ ಸಡಿಲಾಗಿಲ್ಲ,” ಎಂದಳು ಕೊನೆಗೆ.

“ಇಲ್ಲ. ನನ್ನ ಬುದ್ಧಿ ಸಡಿಲಾಗಿತ್ತು.”

“ಕುಣೀತೈತಿ ಅಂತ ಅವತ್ತ ಹೇಳಿದ್ರ ಏನಾಗ್ತಿತ್ತು ನಿನಗ?”

“ನೀನು ಹೇಳಿದ್ರ ಏನಾಗ್ತಿತ್ತು?”

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಚೀಲದ ಸೀರೆಗಳನ್ನು ಅಲ್ಲೇ ಬಿಟ್ಟು ಮೂವರೂ ಕೂತು ಮದುವೆ ನೋಡಿದೆವು. ಅವಳು ನನ್ನ ಮುಖ ಬಂದಲ್ಲೆಲ್ಲ ನಿಲ್ಲಿಸು ಎಂದಳು. ನಿಲ್ಲಿಸಿ ನಿಲ್ಲಿಸಿ ನೋಡಿದಳು. ಅಳಿಯ ಆಗ ಎಷ್ಟು ತೆಳ್ಳಗಿದ್ದರು ಎಂದು ಹೇಳಿ ಅವರಿಂದ ಒಂದು ಹೂಂ ಪಡೆದಳು. ಅಕ್ಕಿಕಾಳು ಹಾಕುವಾಗ ಎಲ್ಲರ ಕೈ ನಮ್ಮ ಕಡೆ ಬೀಸಿದರೆ, ಅವ್ವ ಮಾತ್ರ ಜೋರಾಗಿ ಉರಿಯುವ ವಿಡಿಯೋ ದೀಪಕ್ಕೆ ಭಕ್ತಿಯಿಂದ ಅಕ್ಕಿ ಎರಚುತ್ತಿದ್ದಳು. ನಕ್ಕು ನಕ್ಕು ನಮ್ಮ ಪಕ್ಕೆ ನೋಯಿತು.

ಆಮೇಲೆ ಕಳಿಸಿಕೊಡುವ ಹೊತ್ತು ಬಂತು. ಕಲ್ಯಾಣ ಮಂಟಪದ ಬಾಗಿಲು, ಕಾರು, ಹಸಿರು ಸೀರೆಯಲ್ಲಿ ನಾನು. ನಾನು ಅವ್ವನನ್ನೇ ನೋಡುತ್ತಿದ್ದೇನೆ. ಅವ್ವ ನನ್ನ ಕಡೆ ನೋಡುತ್ತಿಲ್ಲ. ನಾಲ್ಕು ವರ್ಷದಿಂದ ನನ್ನ ನೆನಪಿನಲ್ಲಿ ಇದ್ದದ್ದು ಸುಳ್ಳಲ್ಲ. ಆದರೆ ಕ್ಯಾಮೆರಾ ನಿಧಾನಕ್ಕೆ ತಿರುಗಿತು, ಈಗ ಎಡವದೆ ತಿರುಗಿತು, ಮತ್ತು ನನಗೆ ಆ ದಿನ ಕಾಣದಿದ್ದದ್ದು ಕಂಡಿತು. ನನ್ನಿಂದ ಹತ್ತು ಹೆಜ್ಜೆ ಆಚೆ, ಕಾರಿನ ಇನ್ನೊಂದು ಬಾಗಿಲ ಹತ್ತಿರ, ನನ್ನ ಗಂಡನ ಅಕ್ಕ ನಿಂತಿದ್ದರು. ಅವರದೂ ಅದೇ ಹಸಿರು ಸೀರೆ. ಅವ್ವ ಅವರನ್ನೇ ನೋಡುತ್ತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಕೈಯೆತ್ತಿ, ಹೋಗಿ ಬಾ ಎಂದು, ಅವರಿಗೇ ಬೀಸುತ್ತಿದ್ದಳು. ಪಾಪ ಅವರು ಗಾಬರಿಯಾಗಿ ತಾವೂ ಕೈ ಬೀಸಿದ್ದರು.

“ಹಸಿರು ಕಂಡಿತ್ತವ್ವಾ,” ಎಂದಳು ಅವ್ವ ಮೆಲ್ಲಗೆ. “ಹಸಿರಂದ್ರ ನೀನ ಅನ್ಕೊಂಡೆ.”

ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಅವಳು ನನ್ನ ಬೆನ್ನು ಸವರಿದಳು. ಎಷ್ಟು ಸಲ ಚುಚ್ಚಿದ್ದೆ ಆ ಮಾತನ್ನು. ಕ್ಷಮಿಸು ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವ್ವ ಕಣ್ಣೊರೆಸಿಕೊಂಡು, “ಸೋಮವಾರ ಎಷ್ಟೊತ್ತಿಗೆ ಬಾ ಅಂದಾರ ಡಾಕ್ಟರು?” ಎಂದು ಕೇಳಿದಳು.

ಎಡಗಣ್ಣಿನ ಆಪರೇಷನ್ನೂ ಆಯಿತು. ಮೂರು ವಾರ ಬಿಟ್ಟು ಅವ್ವನನ್ನು ಕಂಪ್ಲಿ ಬಸ್ಸು ಹತ್ತಿಸಲು ಹೊಸಪೇಟೆ ನಿಲ್ದಾಣಕ್ಕೆ ಹೋದೆ. ಅವಳು ಕಿಟಕಿಯ ಪಕ್ಕ ಕೂತಳು. ಜನ ನುಗ್ಗಿ ನನ್ನನ್ನು ಹಿಂದಕ್ಕೆ ತಳ್ಳಿದರು. ಸಂತೆಯಷ್ಟು ಗದ್ದಲದ ನಡುವೆ ನಾನು ಎಲ್ಲೋ ದೂರದಲ್ಲಿ ನಿಂತೆ. ಬಸ್ಸು ಶುರುವಾಗಿ ನಡುಗತೊಡಗಿತು. ಅವ್ವ ಕಿಟಕಿಯಿಂದ ಮುಖ ಹೊರಹಾಕಿ, ಅಷ್ಟು ಜನರಲ್ಲಿ ನೇರವಾಗಿ ನನ್ನನ್ನೇ ನೋಡಿ, ಕೂಗಿ ಹೇಳಿದಳು:

“ಹಣಿ ಮ್ಯಾಲೆ ಕುಂಕುಮ ಸೊಟ್ಟ ಆಗೇತಿ, ಸರಿ ಮಾಡ್ಕೋ.”